ಯಾವ ಕೆಲಸಕ್ಕೂ ಬಾರದ್ದು

ಬಜಾರಿನ ರಿಪೇರಿ ಅಂಗಡಿಯಿಂದ ಬಂದಿದ್ದ ಎರ್ಮೆಕ್ ಕಚೇರಿಯ ಲ್ಯಾಪ್‌ಟಾಪಿನ ತಳ ಬಿಚ್ಚಿ ಉಫ್ ಎಂದು ಊದಿದ. ಹನ್ನೊಂದು ವರ್ಷದ ಧೂಳು ಎದ್ದು ಜಾನಿಲಳ ಚಹಾದ ಬಟ್ಟಲಿನೊಳಗೆ ಕೂತಿತು.

"ಇದಕ್ಕೇನೂ ಆಗಿಲ್ಲ ಅಕ್ಕಾ. ಮೆಮೊರಿ ಜಾಸ್ತಿ ಮಾಡಿ ಡಿಸ್ಕ್ ಬದಲಾಯಿಸಿದ್ರೆ ಇನ್ನೂ ಐದು ವರ್ಷ ಕುದುರೆ ಹಾಗೆ ಓಡತ್ತೆ."

"ಕುದುರೆಯಂತೆ! ಒಂದು ನಕ್ಷೆ ತೆರೆಯೋದ್ರೊಳಗೆ ಎರಡು ಸಲ ಚಹಾ ಕುಡೀತೀನಿ. ಪಿಂಚಣಿಗೆ ಇನ್ನೆರಡು ವರ್ಷ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಬಂದಿರತ್ತೆ ನಂಗೆ."

ಬಾಗಿಲ ಬಳಿ ನೆಲ ಒರೆಸುತ್ತಿದ್ದ ಸಬೀರಾ ನಗಲಿಲ್ಲ. ಬಟ್ಟೆ ಹಿಂಡುತ್ತ ಎರ್ಮೆಕ್‌ನ ಬೆರಳುಗಳನ್ನೇ ನೋಡುತ್ತಿದ್ದಳು. ಅವಳ ಮಗಳು ಮೀರಿಮ್‌ಗೆ ರಾಜಧಾನಿಯ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸೆಪ್ಟೆಂಬರ್ ಒಂದಕ್ಕೆ ಹೋಗಬೇಕು; ಅಲ್ಲಿ ಪಾಠವೆಲ್ಲ ಕಂಪ್ಯೂಟರಿನಲ್ಲೇ. ಮನೆಯಲ್ಲಿದ್ದದ್ದು ಗಾಜು ಬಿರುಕುಬಿಟ್ಟ ಒಂದು ಫೋನು. ಹಿಂದಿನ ವಾರ ಮೀರಿಮ್ ಹಾಸ್ಟೆಲಿನ ಅರ್ಜಿ ಬರೆಯಲು ಬಂದು ಇದೇ ಲ್ಯಾಪ್‌ಟಾಪಿನ ಮುಂದೆ ಎರಡು ಗಂಟೆ ಕೂತಿದ್ದಳು. ಆಗ ಜಾನಿಲ್ ಉದಾರವಾಗಿ ಹೇಳಿಬಿಟ್ಟಿದ್ದಳು: "ನನಗೆ ಹೊಸದು ಬಂದ ದಿನ ಇದು ನಿಂದು ಕಣೇ." ಸಬೀರಾ ನಿಂತಲ್ಲೇ ಎರಡೂ ಅಂಗೈ ಬಿಚ್ಚಿ, ಹರಸಿ, ಮುಖದ ಮೇಲೆ ಸವರಿಕೊಂಡಿದ್ದಳು. ಹಾಗೆ ಹರಸಿ ಮುಖ ಸವರಿಕೊಂಡ ಮೇಲೆ ಕೊಟ್ಟ ಮಾತು ಮುರಿಯುವಂತಿಲ್ಲ. ಮರುದಿನ ಜಾನಿಲಳ ಮೇಜಿನ ಮೇಲೆ ಸಬೀರಾ ತಂದ ಒಣಮೊಸರಿನ ಉಂಡೆಗಳ ಚೀಲವೊಂದು ಕೂತಿತ್ತು.

ಹಳೆಯದನ್ನು ಬಿಟ್ಟು ಹೊಸದು ತರಿಸಬೇಕಾದರೆ ಹಳೆಯದರ ಸ್ಥಿತಿ ಬರೆದ ಕಾಗದಕ್ಕೆ ಮೂವರ ಸಮಿತಿ ಸಹಿ ಹಾಕಬೇಕು: ಭೂನಕ್ಷೆ ಕಚೇರಿಯ ಮುಖ್ಯಸ್ಥ ಸಗಿನ್ ಒರೊಜೊವಿಚ್, ಉಗ್ರಾಣ ನೋಡಿಕೊಳ್ಳುವ ಕಾಲಿಚಾ, ಮತ್ತು ವಸ್ತುವನ್ನು ಬಳಸುವ ಜಾನಿಲ್. ಮುಖ್ಯಸ್ಥ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು.

"ರಿಪೇರಿ ಆಗತ್ತೆ ಅಂತ ಬರೆದ್ರೆ ಮೆಮೊರಿ ಕಳಿಸ್ತಾರೆ ಜಾನಿಲಕ್ಕ," ಎಂದಿದ್ದ ಅವನು. "ಹೊಸದು ಬೇಕಿದ್ರೆ ಸತ್ತಿದೆ ಅಂತಲೇ ಬರೀಬೇಕು. ಅರ್ಧ ಸತ್ತದ್ದಕ್ಕೆ ಮೇಲಿನೋರು ಮಣ್ಣು ಮಾಡಲ್ಲ."

ಎರಡು ದಿನ ಜಾನಿಲ್ ಖಾಲಿ ಹಾಳೆಯನ್ನು ಮುಂದಿಟ್ಟುಕೊಂಡು ಕೂತಳು. ಮೆಮೊರಿ ಹಾಕಿಸಿದರೆ ತನ್ನ ಕೆಲಸಕ್ಕೆ ಧಾರಾಳ ಸಾಕು. ಆದರೆ ಆಗ ಇದು ತನ್ನ ಮೇಜಿನ ಮೇಲೇ ಉಳಿಯುತ್ತದೆ. ಮೀರಿಮ್ ಬರಿಗೈಯಲ್ಲಿ ಹೋಗುತ್ತಾಳೆ. ಪಕ್ಕದ ಕೋಣೆಯವರ ಹೊಸ ಯಂತ್ರದ ತೆಳು ಮೈಯೂ ಕಣ್ಣೆದುರು ಬಂತು. ಯಾರಿಗಾಗಿ ಬರೆಯುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಬರುವ ಮೊದಲೇ ಬರೆದು ಮುಗಿಸಿದ್ದಳು. ಸುಟ್ಟ ವಾಸನೆ ಬರುತ್ತದೆ. ಬೆಂಕಿ ಹತ್ತುವ ಅಪಾಯವಿದೆ. ರಿಪೇರಿ ಸಾಧ್ಯವಿಲ್ಲ. ಯಾವ ಕೆಲಸಕ್ಕೂ ಬಾರದ್ದು. ಮೂವರೂ ಸಹಿ ಹಾಕಿದರು. ಯಾರೂ ಲ್ಯಾಪ್‌ಟಾಪನ್ನು ತೆರೆದು ನೋಡಲಿಲ್ಲ.

ಆಗಸ್ಟ್ ಕೊನೆಯಲ್ಲಿ ಹೊಸದು ಬಂತು. ಜಾನಿಲ್ ಹಳೆಯದನ್ನು ಒರೆಸಿ, ವೈರನ್ನು ಸುತ್ತಿ, ಬಟ್ಟೆಯ ಚೀಲದಲ್ಲಿ ಇಡುತ್ತಿದ್ದಾಗ ಕಾಲಿಚಾ ಒಳಬಂದಳು. ಕೈಯಲ್ಲಿ ಕಲ್ಲಿದ್ದಲು ಒಡೆಯುವ ಸುತ್ತಿಗೆ ಇತ್ತು.

"ಎಲ್ಲಿಗೆ ಕಟ್ತಾ ಇದ್ದೀಯ ಬುತ್ತಿ? ಅಂಗಳಕ್ಕೆ ತಗೊಂಡು ಬಾ. ಒಡೆಯೋಕೆ ಮುಂಚೆ ಒಂದು ಫೋಟೋ, ಒಡೆದ ಮೇಲೆ ಒಂದು ಫೋಟೋ. ಮೇಲಿನೋರಿಗೆ ಇವತ್ತೇ ಕಳಿಸಬೇಕು."

"ಒಡೆಯೋದಾ? ಇದನ್ನ ಸಬೀರಾನ ಮಗಳಿಗೆ ಕೊಡ್ತೀನಿ ಅಂದಿದ್ದೀನಿ."

"ಹಳೇದಾಗಿದೆ ಅಂತಷ್ಟೇ ಬರೆದಿದ್ರೆ ಕೊಡಬಹುದಿತ್ತು. ಕೆಲಸಕ್ಕೆ ಬಾರದ್ದು ಅಂತ ಬರೆದ್ಯಲ್ಲ, ಒಡೀಲೇಬೇಕು. ಇಷ್ಟು ವರ್ಷ ಇಲ್ಲಿ ಕುರ್ಚಿ ಸವೆಸಿದ್ದೀಯ, ಇದು ಗೊತ್ತಿಲ್ವಾ?"

ಮುಖ್ಯಸ್ಥ ಬಾಗಿಲಲ್ಲಿ ನಿಂತು ನಕ್ಕ. "ಬೆಂಕಿ ಹತ್ತತ್ತೆ ಅಂತ ನೀವೇ ಬರೆದಿದ್ದೀರಲ್ಲ ಜಾನಿಲಕ್ಕ. ಹುಡುಗೀರ ಹಾಸ್ಟೆಲ್ ಸುಡೋ ಯೋಚನೆಯಾ? ಅಥವಾ ಬರೆದದ್ದು ಸುಳ್ಳೋ? ಹಾಗಿದ್ರೆ ಹೇಳಿಬಿಡಿ, ಹೊಸದನ್ನ ವಾಪಸ್ ಕಳಿಸಿ ಇನ್ನೊಂದು ಕಾಗದ ಬರೆಯೋಣ. ನಿಮ್ಮ ಬಗ್ಗೆ."

ಹೇಳಲು ಒಂದೇ ಮಾತಿತ್ತು: ಸುಳ್ಳು. ಅವರಿಬ್ಬರೂ ಕಾದರು. ಜಾನಿಲ್ ಚೀಲದಿಂದ ಲ್ಯಾಪ್‌ಟಾಪನ್ನು ಹೊರತೆಗೆದಳು.

ಇಂಥ ಕೆಲಸ ಮಾಡುವ, ಕಚೇರಿಯ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು ಹುಲ್ಲು ಕೊಯ್ಯಲು ರಜೆ ಹಾಕಿದ್ದ. ಮುಖ್ಯಸ್ಥ ಸುತ್ತ ನೋಡಿ ಕೂಗಿದ: "ಸಬೀರಾ! ಬಾ ಇಲ್ಲಿ. ನಿನ್ನ ತೋಳಿಗೆ ಬಲ ಇದೆ."

ಸಬೀರಾ ಒದ್ದೆ ಕೈಯಲ್ಲೇ ಬಂದು ಸುತ್ತಿಗೆ ತೆಗೆದುಕೊಂಡಳು. ಅಂಗಳದ ಸಿಮೆಂಟಿನ ಮೆಟ್ಟಿಲ ಮೇಲೆ ಇಟ್ಟಿದ್ದೇನು ಎಂಬುದು ಅವಳಿಗೆ ಆಮೇಲೆ ಕಂಡಿತು.

"ಇದನ್ನಾ? ಮೀರಿಮ್ ಇದರಲ್ಲೇ ಅಲ್ವಾ ಅಕ್ಕಾ ಅರ್ಜಿ ಬರೆದಿದ್ದು?"

"ಆಮೇಲೆ ಕೆಟ್ಟುಹೋಯ್ತು," ಎಂದಳು ಜಾನಿಲ್.

"ಮೊನ್ನೆ ನೀವು ಇದರಲ್ಲಿ ನಕ್ಷೆ..."

"ಕೆಟ್ಟಿದೆ ಅಂದ್ನಲ್ಲ ಸಬೀರಾ."

ಸಬೀರಾ ಸುತ್ತಿಗೆ ಎತ್ತಿದಳು. ಮೊದಲ ಏಟಿಗೆ ಮುಚ್ಚಳ ತಗ್ಗಾಯಿತು. ಎರಡನೆಯದಕ್ಕೆ ಸಂದಿನಿಂದ ಕೀಲಿಮಣೆಯ ಗುಂಡಿಗಳು ಸಿಡಿದು ಮೆಟ್ಟಿಲಿಂದ ಉರುಳಿದವು.

"ಒಳಗಿನ ಪರದೆ ಕಾಣಬೇಕು," ಎಂದಳು ಕಾಲಿಚಾ, ಫೋನನ್ನು ಕಣ್ಣಿಗೆ ಹಿಡಿದು. "ಮುಚ್ಚಳ ತೆಗೆದು ಹೊಡಿ. ಏಟು ಬೀಳಲಿ, ಮಗು ತಟ್ಟಿ ಮಲಗಿಸ್ತಿದ್ದೀಯೇನು?"

ಮುಚ್ಚಳ ಎತ್ತುತ್ತಲೇ ಪರದೆ ಬೆಳಗಿತು. ಅಡ್ಡಡ್ಡ ಬಿರುಕುಬಿಟ್ಟ ಗಾಜಿನ ಹಿಂದೆ ಗಂಟೆ, ತಾರೀಕು ಎರಡೂ ಸರಿಯಾಗಿ ಕಂಡವು. ಸಬೀರಾ ಜಾನಿಲಳ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಪರದೆ ಆರುವವರೆಗೂ ಹೊಡೆದಳು.

ಮಧ್ಯಾಹ್ನ ಸಬೀರಾ ಎಂದಿನಂತೆ ಒರೆಸಲು ಕೋಣೆಗೆ ಬಂದಳು. ಕಿಟಕಿ ಆಯಿತು, ಕಪಾಟು ಆಯಿತು.

"ಸಬೀರಾ," ಎಂದಳು ಜಾನಿಲ್.

"ಕಾಲು ಸ್ವಲ್ಪ ಎತ್ತಿ ಅಕ್ಕಾ."

ಜಾನಿಲ್ ಕಾಲೆತ್ತಿದಳು. ಸಬೀರಾ ಕೆಳಗೆ ಒರೆಸಿ ಎದ್ದು, ಕೈಗಳನ್ನು ಅಂಗಿಗೆ ಒತ್ತಿ ಒಣಗಿಸಿಕೊಂಡಳು. ಹೊಸ ಲ್ಯಾಪ್‌ಟಾಪನ್ನು ಮೆಲ್ಲಗೆ ಎತ್ತಿ, ಎಡಗೈಯಿಂದ ಎದೆಗೆ ಆನಿಸಿಕೊಂಡು, ಬಲಗೈಯಿಂದ ಅದರ ಕೆಳಗಿನ ಜಾಗ ಒರೆಸಿದಳು. ಮೇಜಿನ ತೇವ ಆರುವವರೆಗೆ ಹಾಗೆಯೇ, ಅದನ್ನು ಹಿಡಿದುಕೊಂಡು ನಿಂತಿದ್ದಳು.