ಚುಚ್ಚುಮದ್ದಿನ ನಂತರದ ಅರ್ಧ ಗಂಟೆ

ಗೌಲಂಡ್ ಗೇಟಿನ ಹೊರಗೇ ನಿಂತಿದ್ದ. ದಿನಾ ಕದ ತಟ್ಟದೆ ಅಡುಗೆಮನೆಗೇ ಬಂದು ಕೂರುವ ಮನುಷ್ಯ. ಕತ್‌ಬರ್ಟ್ ರೇನ್ ಟೀ ಲೋಟ ಹಿಡಿದುಕೊಂಡೇ ಹೊರಗೆ ಬಂದ.

"ಯಾಕೋ, ಒಳಗೆ ಬರೋಕೆ ಕಾಗದ ಬರೆದು ಕರೀಬೇಕಾ?"

"ಹತ್ರ ಬರ್ಬೇಡ ಮಾರಾಯ. ಆ ರೋಗ ನನ್ನ ಬೂಟಿನಲ್ಲೇ ಇರಬಹುದು. ನನ್ನ ಫೆರೆಟ್‌ಗಳೆಲ್ಲ ಹೋದ್ವು."

ಕತ್‌ಬರ್ಟ್ ನಗು ನಿಲ್ಲಿಸಿದ. ಇಂಗ್ಲೆಂಡಿನ ಡರಮ್ ಸೀಮೆಯ ನಮ್ಮ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದರೂ ಫೆರೆಟ್ ಸಾಕುವುದು ನಿಂತಿಲ್ಲ. ಮುಂಗುಸಿಯಂಥ ಉದ್ದ ಮೈಯ ಪುಟ್ಟ ಪ್ರಾಣಿ. ಬೆಳಿಗ್ಗೆ ಮೊಲದ ಬಿಲಕ್ಕೆ ನುಗ್ಗುತ್ತದೆ, ಸಂಜೆ ಯಜಮಾನನ ಕೋಟಿನ ತೋಳೊಳಗೆ ಮಲಗುತ್ತದೆ. ಕತ್‌ಬರ್ಟ್ ಮತ್ತು ಇಸೊಬೆಲ್ ದಂಪತಿಯ ಮನೆಯಲ್ಲೂ ಎರಡಿದ್ದವು: ಬಿಳಿ ಹೆಣ್ಣು ಕ್ಲೋವರ್, ಕಂದು ಗಂಡು ಟಿಂಕರ್.

"ಹೊಸ ನಾಯಿಮರಿ ತಂದಿದ್ನಲ್ಲ, ಅದಕ್ಕೆ ಡಿಸ್ಟೆಂಪರ್ ಅನ್ನೋ ನಾಯಿ ರೋಗ ಇತ್ತಂತೆ," ಎಂದ ಗೌಲಂಡ್. "ಅದನ್ನ ಮುಟ್ಟಿದ ಕೈಯಲ್ಲೇ ಇವಕ್ಕೆ ತಿನ್ನಿಸ್ದೆ. ಮೊದ್ಲು ಕಣ್ಣಲ್ಲಿ ಪಿಸುರು, ಆಮೇಲೆ ಗದ್ದದ ಮೇಲೆ ಹಕ್ಕಳೆ, ಅಂಗಾಲು ಕಲ್ಲಿನ ಹಾಗೆ ಗಟ್ಟಿ. ವಾಸಿ ಮಾಡೋ ಔಷಧಿ ಇಲ್ಲ ಅಂದ್ರು. ನಿನ್ನವಕ್ಕೆ ಚುಚ್ಚಿಸು ಮಾರಾಯ. ನಾನು ಚುಚ್ಚಿಸ್ಲಿಲ್ಲ."

ಅಷ್ಟು ಹೇಳಿ ಹೊರಟುಹೋದ. ಕಣ್ಣಿಗೆ ಕಾಣದ ಒಂದು ವಸ್ತು ಒಬ್ಬನ ಅಂಗೈಯಲ್ಲಿ ಕೂತು ಒಂದು ಗೂಡನ್ನೇ ಬರಿದು ಮಾಡಿತಲ್ಲ ಎಂದು ಕತ್‌ಬರ್ಟ್ ತನ್ನ ಅಂಗೈಯನ್ನೇ ನೋಡುತ್ತ ನಿಂತ.

"ಇವತ್ತೇ ಹೋಗೋಣ," ಎಂದಳು ಇಸೊಬೆಲ್.

"ಬೇಡ. ನಮ್ಮೂರ ಹಾಬ್‌ಡೇಲ್ ತನ್ನ ಫೆರೆಟ್‌ಗೆ ಚುಚ್ಚಿಸಿಕೊಂಡು ಮನೆಗೆ ಬಂದ. ದಾರೀಲೇ ಬುಟ್ಟಿಯೊಳಗೆ ಸತ್ತಿತ್ತು. ನಮ್ಮಪ್ಪ ಜೀವಮಾನವೆಲ್ಲ ಫೆರೆಟ್ ಸಾಕಿದ, ಒಂದು ಸೂಜಿ ಕಂಡವನಲ್ಲ."

"ನಿಮ್ಮಪ್ಪ ದಂತವೈದ್ಯರನ್ನೂ ಕಂಡವನಲ್ಲ. ಕೊನೆಗೆ ಬಾಯಲ್ಲಿ ಎಷ್ಟು ಹಲ್ಲಿದ್ವು? ಎದ್ದೇಳು, ಬುಟ್ಟಿ ತಗೋ. ಆ ಹಾಬ್‌ಡೇಲ್ ಕಥೆನೂ ಡಾಕ್ಟ್ರಿಗೇ ಹೇಳು."

ಹೇಳಿಯೇಬಿಟ್ಟ. ಪಶುವೈದ್ಯೆ ವಿನ್‌ಶಿಪ್ ಮುಖ ಗಂಟಿಕ್ಕಲಿಲ್ಲ.

"ನಿಮ್ಮ ಭಯ ಸುಳ್ಳಲ್ಲ ರೇನ್ ಅವರೇ. ಕೆಲವು ಫೆರೆಟ್‌ಗಳಿಗೆ ಈ ಲಸಿಕೆ ಒಗ್ಗಲ್ಲ. ವಾಂತಿ ಆಗುತ್ತೆ, ಕುಸಿದು ಬೀಳ್ತವೆ. ಬಹಳ ಅಪರೂಪಕ್ಕೆ ಸಾಯೋದೂ ಉಂಟು. ಅದಾಗೋದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲಿ. ಅದಕ್ಕೇ ಅಷ್ಟು ಹೊತ್ತು ನೀವು ಇಲ್ಲೇ ಕೂತಿರಬೇಕು. ಡಿಸ್ಟೆಂಪರ್ ಬಂದ್ರೆ ಮಾತ್ರ ಉಳಿಯೋ ಫೆರೆಟ್ ಇಲ್ಲ ಅಂತಲೇ ಹೇಳಬೇಕು. ಇವೆರಡೂ ಗೌಲಂಡ್ ಅವರವನ್ನ ಮುಟ್ಟಿದ್ವಾ?"

"ಇಲ್ಲ."

"ಹಾಗಾದ್ರೆ ಹೊತ್ತು ಮೀರಿಲ್ಲ. ನಿರ್ಧಾರ ನಿಮ್ದು."

ಕತ್‌ಬರ್ಟ್ ಗಡ್ಡ ಕೆರೆದುಕೊಂಡ. "ಒಂದಕ್ಕೆ ಚುಚ್ಚಿ. ನೋಡೋಣ."

ವೈದ್ಯೆ ಕ್ಲೋವರ್‌ಳನ್ನು ತೂಗಿದರು, ಜ್ವರ ನೋಡಿದರು, ಎದೆಬಡಿತ ಕೇಳಿದರು. ಕಾಯಿಲೆ ಇದ್ದರೆ ಇವತ್ತು ಚುಚ್ಚುತ್ತಿರಲಿಲ್ಲ ಎಂದರು. ಸೂಜಿ ಹೋಗಿದ್ದೇ ಕ್ಲೋವರ್‌ಗೆ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಾಯಿತು. "ಏನೂ ಆಗ್ಲಿಲ್ವಲ್ಲ, ಹೊರಡೋಣ," ಎಂದು ಕತ್‌ಬರ್ಟ್ ಎದ್ದ.

"ಕೂತ್ಕೋ," ಎಂದಳು ಇಸೊಬೆಲ್.

ಅವನು ಕೂರುವಷ್ಟರಲ್ಲಿ ಕ್ಲೋವರ್‌ಳ ಬಾಲದ ಕೂದಲೆಲ್ಲ ನಿಮಿರಿತು. ವಾಂತಿ ಮಾಡಿದಳು. ಒಸಡು ಬಿಳಿಚಿತು. ಒದ್ದೆ ಬಟ್ಟೆಯ ಹಾಗೆ ಅವನ ತೊಡೆಯ ಮೇಲೆ ಜೋತುಬಿದ್ದಳು.

"ಡಾಕ್ಟ್ರೇ!"

ಔಷಧಿ ತುಂಬಿದ ಸಿರಿಂಜು ಆಗಲೇ ಮೇಜಿನ ಮೇಲೆ ಸಿದ್ಧವಾಗಿತ್ತು. ವೈದ್ಯೆ ಒಂದು ಚುಚ್ಚಿದರು, ಇನ್ನೊಂದು ಚುಚ್ಚಿದರು, ಚಿಕ್ಕ ಮೂತಿಗೆ ಆಮ್ಲಜನಕದ ಮುಸುಕು ಹಿಡಿದರು. ಕತ್‌ಬರ್ಟ್ ತಲೆಯ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. "ಬಾ ಬಂಗಾರಿ, ಬಾ," ಎನ್ನುತ್ತಿದ್ದ. ಹಿಂದೆ ಗಣಿ ಕೆಲಸದಲ್ಲಿದ್ದಾಗ ಇಡೀ ಗೋಡೆ ಕುಸಿದಾಗಲೂ ಅವನ ದನಿ ಹೀಗೆ ನಡುಗಿರಲಿಲ್ಲ.

ಪಕ್ಕೆಲುಬು ಒಮ್ಮೆ ಏರಿತು. ನಿಂತಿತು. ಮತ್ತೆ ಏರಿತು. ಒಸಡಿನ ಅಂಚಿನಲ್ಲಿ ಗುಲಾಬಿ ಬಣ್ಣ ಮೂಡಿ, ನೋಡನೋಡುತ್ತ ಬಾಯೆಲ್ಲ ಹರಡಿತು. ಕ್ಲೋವರ್ ಕಣ್ಣು ಬಿಟ್ಟು, ತಲೆ ಎತ್ತಿ, ಮೂಗು ಅರಳಿಸಿ ಅವನ ಬೆರಳನ್ನು ಮೂಸಿದಳು. ಬೊಗಸೆಯಷ್ಟು ಜೀವ. ಹೋಗಿದ್ದು ಎಲ್ಲಿಗೆ, ಬಂದದ್ದು ಎಲ್ಲಿಂದ?

ಕತ್‌ಬರ್ಟ್ ಕೇಳಿದ: "ನಾವು ದಾರೀಲಿದ್ದಿದ್ರೆ?"

"ಬಹುಶಃ ಉಳೀತಿರಲಿಲ್ಲ," ಎಂದರು ವೈದ್ಯೆ. "ಈ ಅಪಾಯಕ್ಕೆ ನನ್ನ ಕೈಯಲ್ಲಿ ಮದ್ದಿದೆ. ಗೌಲಂಡ್ ಅವರ ಮನೆಗೆ ಬಂದಿದ್ದಕ್ಕೆ ಯಾರ ಕೈಯಲ್ಲೂ ಇಲ್ಲ. ಇವತ್ತು ರಾತ್ರಿ ಇವಳು ಇಲ್ಲೇ ಇರ್ಲಿ. ಮುಂದಿನ ಸಲ ಇವಳಿಗೆ ಚುಚ್ಚಬೇಕಾ ಬೇಡ್ವಾ ಅಂತ ಹೊಸದಾಗಿ ಕೂತು ಯೋಚಿಸೋಣ. ರೋಗ ತಡೆಯೋ ಶಕ್ತಿ ಇನ್ನೂ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿ ನೋಡಬಹುದು."

ಇಸೊಬೆಲ್ ಬುಟ್ಟಿ ಮುಚ್ಚಲು ಹೋದಳು. ಕತ್‌ಬರ್ಟ್ ಅವಳ ಕೈ ತಡೆದ. ಒಳಗಿಂದ ಟಿಂಕರ್‌ನನ್ನು ತಾನೇ ಎತ್ತಿ ಮೇಜಿನ ಮೇಲೆ ಇಟ್ಟ.

"ಇವನಿಗೂ ಹಾಕಿ."

"ನಿಜವಾಗ್ಲೂ?" ಇಸೊಬೆಲ್‌ಗೇ ಅನುಮಾನ.

"ಕೆಟ್ಟದ್ದು ಏನಾಗಬಹುದು ಅಂತ ಕಣ್ಣಾರೆ ಕಂಡೆ. ಅದನ್ನ ತಡೆದದ್ದನ್ನೂ ಕಂಡೆ. ಗಂಟೆಗಟ್ಲೆ ಬೇಕಾದ್ರೂ ಕೂತಿರ್ತೀನಿ."

ಟಿಂಕರ್‌ಗೆ ಏನೂ ಆಗಲಿಲ್ಲ. ಗಡಿಯಾರ ನೋಡುತ್ತ ಕೂತಿದ್ದ ಕತ್‌ಬರ್ಟ್‌ನ ತೋಳೊಳಗೆ ನುಗ್ಗಿ ನಿದ್ದೆ ಹೋದ. ಮರುದಿನ ಕ್ಲೋವರ್ ಮನೆಗೆ ಬಂದು ಬಟ್ಟಲು ತುಂಬ ಮಾಂಸ ತಿಂದಳು.

ನಿಮ್ಮ ಮನೆಯಲ್ಲೂ ಫೆರೆಟ್ ಇದೆಯೇ? ಫೆರೆಟ್‌ಗಳನ್ನು ಬಲ್ಲ ಪಶುವೈದ್ಯರ ಬಳಿ ಡಿಸ್ಟೆಂಪರ್ ಲಸಿಕೆಯ ಬಗ್ಗೆ ಕೇಳಿ. ಹಿಂದೆ ಎಂದಾದರೂ ಲಸಿಕೆ ಒಗ್ಗದಿದ್ದರೆ, ಈಗ ಕಾಯಿಲೆ ಇದ್ದರೆ, ಮುಚ್ಚಿಡಬೇಡಿ. ಒಂದೇ ದಿನ ಎರಡು ಬಗೆಯ ಲಸಿಕೆ ಬೇಡ. ನಾಯಿಯನ್ನು ಮುಟ್ಟಿದ ಕೈಯನ್ನು ತೊಳೆದೇ ಗೂಡು ತೆರೆಯಿರಿ. ಭಯವಾದರೆ ಭಯವನ್ನೂ ವೈದ್ಯರ ಮುಂದಿಡಿ, ಎರಡೂ ಕಡೆಯ ಅಪಾಯ ತೂಗಿ ನೋಡಿ. ಚುಚ್ಚಿಸಿದ ಮೇಲೆ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಆ ಅರ್ಧ ಗಂಟೆ ಅಲ್ಲೇ ಕೂತಿರಿ.