ಗಂಜಿಯಣ್ಣ ಮತ್ತು ಹಣೆಗಾಲಿನ ನೊಣ

ಸಾವಿರಾರು ಜನಕ್ಕೆ ಬೇಯಿಸಿ ಹಾಕಿದ ಕೈ ಈಗ ನೊಣಗಳಿಗೆ ಗಂಜಿ ಕಾಯಿಸುತ್ತಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಮದುವೆ ಮನೆಗಳ ಅಡುಗೆ ಬಿಟ್ಟು, ಹಣ್ಣಿನ ನೊಣಗಳನ್ನು ಸಾಕಿ ಸಂಶೋಧನೆ ಮಾಡುವ ಸಂಸ್ಥೆಯೊಂದನ್ನು ಸೇರಿಕೊಂಡವನನ್ನು ಅಲ್ಲಿಯವರೆಲ್ಲ ಗಂಜಿಯಣ್ಣ ಎಂದೇ ಕರೆಯುತ್ತಿದ್ದರು. ಜೋಳದ ಹಿಟ್ಟು, ಬೆಲ್ಲ, ಯೀಸ್ಟು, ಗಟ್ಟಿಯಾಗಲು ಅಗರ್ ಪುಡಿ. ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ತಳ ಹಿಡಿಯದಂತೆ ತಿರುವಿ, ಕೊನೆಯಲ್ಲಿ ಬೂಷ್ಟು ಬರದಿರಲೆಂದು ಒಂದಿಷ್ಟು ಆಸಿಡ್ ಬೆರೆಸಿ, ಬೆರಳುದ್ದದ ಸೀಸೆಗಳಿಗೆ ಹುಯ್ದು, ಬಾಯಿಗೆ ಹತ್ತಿ ತುರುಕಿ ಕೊಟ್ಟರೆ ಮುಗಿಯಿತು. ಮುಗಿಯಿತು ಅಂತ ನಾವು ಅನ್ನಬೇಕು ಅಷ್ಟೇ. ಅವನಂತೂ ಆ ಪಾತ್ರೆಯ ಮುಂದೆ ಅರಮನೆಯ ಊಟಕ್ಕೆ ನಿಂತವನ ಗತ್ತಿನಲ್ಲಿ ನಿಲ್ಲುತ್ತಿದ್ದ.

"ನೆಂಟರಿಗಿಂತ ನೊಣಾನೇ ವಾಸಿ ಕಣೇ," ಎಂದು ಹೆಂಡತಿಗೆ ಹೇಳುತ್ತಿದ್ದ. "ತಿಂದು ಹೆಸರಿಡಲ್ಲ."

"ಅದೇನೋ ಸರಿ. ಪಕ್ಕದ ಮನೆಯವರು ಕೇಳಿದ್ರೆ ನಾನು ಮಾತ್ರ ದೊಡ್ಡ ಹಾಸ್ಟೆಲ್ಲಲ್ಲಿ ಅಡುಗೆ ಅಂತಲೇ ಹೇಳೋದು," ಎನ್ನುತ್ತಿದ್ದಳು ಅವಳು.

ಅವರ ಒಬ್ಬಳೇ ಮಗಳು ಬಸುರಿ. ಗಂಡನ ಜೊತೆ ಅದೇ ಬೀದಿಯ ತುದಿಯಲ್ಲಿದ್ದರೂ ಹಗಲೆಲ್ಲ ಅಮ್ಮನ ಮನೆಯಲ್ಲೇ ಬಿದ್ದಿರುತ್ತಿದ್ದಳು. ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅನ್ನ ಕಂಡರೆ ವಾಕರಿಕೆ, ಹಾಲು ಕಂಡರೆ ವಾಂತಿ. ಹೀಗಿರುವಾಗ ಗಂಜಿಯಣ್ಣ ಒಂದು ದಿನ, ಗಂಜಿಯ ಹದ ಹೇಗಿರಬೇಕೆಂದು ಹೆಂಡತಿಗೆ ತೋರಿಸುವ ಜಂಬಕ್ಕೆ, ಒಂದು ಡಬ್ಬಿಯಲ್ಲಿ ನೊಣದ ಗಂಜಿ ತಂದಿದ್ದ. ಮಗಳು ಮೂಸಿ ನೋಡಿದಳು. ಒಂದು ಚಮಚ ಬಾಯಿಗಿಟ್ಟಳು. ಆಮೇಲೆ ಡಬ್ಬಿ ನೆಕ್ಕಿದಳು. ಅಂದಿನಿಂದ ಆಸಿಡ್ ಬೆರೆಸುವ ಮೊದಲು ಒಂದು ಡಬ್ಬಿ ಪಕ್ಕಕ್ಕೆ ಸರಿಯುತ್ತಿತ್ತು, ಸಂಜೆ ಚೀಲದಲ್ಲಿ ಮನೆಗೆ ಬರುತ್ತಿತ್ತು. ಸಂಸ್ಥೆಯ ಗಂಜಿ ಹೀಗೆ ಸಾಗಿಸುವುದು ತಪ್ಪು ಅಂತ ಅವನಿಗೆ ಗೊತ್ತಿತ್ತು. ಆದರೆ ಮಗಳ ಕೆನ್ನೆ ತುಂಬಿಕೊಳ್ಳುತ್ತಿದ್ದುದು ಕಂಡರೆ ತಪ್ಪೆಲ್ಲ ಮರೆತುಹೋಗುತ್ತಿತ್ತು.

ಎಲ್ಲ ಚೆನ್ನಾಗಿಯೇ ಇತ್ತು, ಮೇಡಂ ಅವನನ್ನು ಕರೆಯುವವರೆಗೆ.

ಮೇಡಂ ಅಂದರೆ ಆ ನೊಣಗಳ ಯಜಮಾನಿ. ಖುಷಿಯಾದರೆ ಓಡಾಡುವವರನ್ನೆಲ್ಲ ಹಿಡಿದು ಮೈಕ್ರೋಸ್ಕೋಪಿನ ಮುಂದೆ ಕೂರಿಸುವ ಚಾಳಿ ಅವರಿಗೆ. "ಗಂಜಿಯಣ್ಣಾ, ಬನ್ನಿ ಇಲ್ಲಿ. ಒಂದು ಮಜಾ ತೋರಿಸ್ತೀನಿ," ಎಂದರು. ಅವನು ಕೈ ಒರೆಸಿಕೊಂಡು ಕಣ್ಣಿಟ್ಟ. ಗ್ಯಾಸಿನ ಮಂಪರಿನಲ್ಲಿ ಒಂದು ನೊಣ ಅಂಗಾತ ಮಲಗಿತ್ತು. ಕೆಂಪು ಕಣ್ಣು, ಸರಿ. ರೆಕ್ಕೆ, ಸರಿ. ಹಣೆಯಲ್ಲಿ, ಹುಳುಗಳಿಗೆ ಕುಡಿಮೀಸೆ ಇರಬೇಕಾದ ಜಾಗದಲ್ಲಿ, ಎರಡು ಕಾಲು. ಕಾಲೇ. ಮಂಡಿ, ಗಂಟು, ತುದಿಯಲ್ಲಿ ಉಗುರು, ಎಲ್ಲ ಇರುವ ಪೂರಾ ಕಾಲು.

"ಎಷ್ಟು ಚೆನ್ನಾಗಿದೆ ಅಲ್ವಾ? ಇಡೀ ಸೀಸೆಯಲ್ಲಿ ಹೀಗೇ ಹುಟ್ಟಿವೆ," ಎಂದರು ಮೇಡಂ. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಗಂಜಿಯಣ್ಣ ಹೊರಗೆ ಬಂದವನೇ ಗೋಡೆ ಹಿಡಿದುಕೊಂಡ.

ಮದುವೆ ಮನೆಯಲ್ಲಿ ಪಳಗಿದ ಅಡುಗೆಯವನಿಗೆ ಒಂದು ಅಭ್ಯಾಸ ಇರುತ್ತದೆ. ಉಂಡವರಲ್ಲಿ ಯಾರಿಗಾದರೂ ಏನಾದರೂ ಆದರೆ, ಹೊಟ್ಟೆನೋವಿರಲಿ, ಕಾಲು ಉಳುಕಿರಲಿ, ಮೊದಲು ತಾನು ಏನು ಹಾಕಿದೆ ಎಂದು ಯೋಚಿಸುತ್ತಾನೆ. ಜನ ಬೆರಳು ತೋರಿಸುವುದು ಅವನ ಕಡೆಗೇ ತಾನೆ? ಗಂಜಿಯಣ್ಣ ಯೋಚಿಸಿದ. ಕಳೆದ ತಿಂಗಳು ಬೆಲ್ಲ ಬದಲಾಗಿತ್ತು. ಕಪ್ಪಗೆ, ಜಿಗುಟಾಗಿ, ಮುಖ ಸಿಂಡರಿಸಿಕೊಂಡಂಥ ಬೆಲ್ಲ. ಈ ನೊಣಗಳು ಹುಟ್ಟಿದ್ದು ಆಮೇಲೆ. ಮಗಳು ತಿಂಗಳಿಡೀ ತಿಂದದ್ದು ಅದನ್ನೇ. ಹದ ನೋಡಲು ತಾನೂ ದಿನಾ ನೆಕ್ಕಿದ್ದು ನೆನಪಾಗಿ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಹಣೆ ಮುಟ್ಟಿ ನೋಡಿಕೊಂಡ. ಒಂದು ಮೊಡವೆ ಸಿಕ್ಕಿತು. ಅದು ಮೊಡವೆಯೇ ಎಂದು ನಂಬಲು ಅವನಿಗೆ ತುಂಬ ಹೊತ್ತು ಬೇಕಾಯಿತು.

ಸಂಜೆ ಅವನು ಬರಿಗೈಯಲ್ಲಿ ಮನೆಗೆ ಬಂದಾಗ ಮಗಳು ನಿನ್ನೆಯ ಡಬ್ಬಿಯ ತಳ ಕೆರೆಯುತ್ತಿದ್ದಳು. ಅವನು ಡಬ್ಬಿಯನ್ನು ಕಿತ್ತುಕೊಂಡು ಸೀದಾ ಬಚ್ಚಲಿಗೆ ಸುರಿದ.

"ಅಪ್ಪಾ, ಏನಾಯ್ತು ನಿಮಗೆ?"

"ಏನೂ ಇಲ್ಲ. ಇನ್ಮೇಲೆ ಗಂಜಿ ಇಲ್ಲ. ಅನ್ನ ತಿನ್ನು, ಮನುಷ್ಯರ ಥರ."

"ಏನ್ರೀ, ಬಸುರಿ ಹೆಂಗಸಿನ ಕೈಯಿಂದ ಕಿತ್ಕೊಳ್ತೀರಲ್ರೀ," ಎಂದು ಹೆಂಡತಿ ಸೌಟು ಹಿಡಿದೇ ಬಂದಳು. ಅವನು ಡಬ್ಬಿ ತೊಳೆಯತೊಡಗಿದ. ಏನಂತ ಹೇಳುವುದು? ನಿನ್ನ ಮೊಮ್ಮಗುವಿನ ಟೋಪಿ ಹೊಲಿಯುವಾಗ ಕಾಲಿಗೂ ತೂತು ಬಿಡು ಅಂತಲೆ?

ಮಗಳು ಅನ್ನ ತಿಂದಳು, ವಾಂತಿ ಮಾಡಿದಳು. ಬ್ರೆಡ್ಡು ತಿಂದಳು, ವಾಂತಿ ಮಾಡಿದಳು. ಮಾರನೆಯ ದಿನ ತಿನ್ನುವುದನ್ನೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಗಂಜಿಯಣ್ಣನಿಗೆ ಅತ್ತ ದರಿ, ಇತ್ತ ಪುಲಿ. ಕೊಟ್ಟರೆ ಮಗುವಿನ ಹಣೆಯಲ್ಲಿ ಕಾಲು, ಕೊಡದಿದ್ದರೆ ತಾಯಿ ಮಗು ಇಬ್ಬರೂ ಉಪವಾಸ. ಬಾಗಿಲ ಸಂದಿಯಿಂದ ಮಗಳ ಬೆನ್ನು ನೋಡುತ್ತ ನಿಂತವನಿಗೆ ಅಳುವೇ ಬಂತು. ಕೆಲಸ ಹೋದರೂ ಹೋಗಲಿ, ಕೇಳಿಯೇಬಿಡುತ್ತೇನೆ ಎಂದುಕೊಂಡ.

ಆದರೂ ಕಳ್ಳನ ಮನಸ್ಸು, ಬಳಸಿಕೊಂಡೇ ಹೋಯಿತು. "ಮೇಡಂ, ಆ ಹಣೆಯಲ್ಲಿ ಕಾಲು ಬಂದಿದೆಯಲ್ಲ. ಅದು ಯಾಕೆ ಹಾಗೆ?"

ಮೇಡಂ ಕುರ್ಚಿ ಎಳೆದು ಕೂರಿಸಿದರು. ಇಂಥ ಪ್ರಶ್ನೆಗೆ ಅವರು ವರ್ಷಗಟ್ಟಲೆ ಕಾದಿದ್ದರೋ ಏನೋ. "ನೋಡಿ, ಮೈಯೊಳಗೆ ಒಂದು ಜೀನ್ ಇದೆ. ಮನೆ ಕಟ್ಟಿಸೋ ಮೇಸ್ತ್ರಿ ಅಂತಿಟ್ಕೊಳ್ಳಿ. ತಾನು ಇಟ್ಟಿಗೆ ಮುಟ್ಟಲ್ಲ, ಹೇಳಿ ಮಾಡಿಸುತ್ತೆ. ನೊಣ ಬೆಳೆಯೋವಾಗ ಎದೆ ಹತ್ರ ನಿಂತು, ಇಲ್ಲಿ ಕಾಲು ಕಟ್ರಪ್ಪಾ ಅನ್ನೋದು ಅದರ ಕೆಲಸ. ತಲೆ ಹತ್ರ ಮಾತ್ರ ಬಾಯಿ ಮುಚ್ಕೊಂಡಿರಬೇಕು. ಸುಮ್ನಿದ್ರೆ ಅಲ್ಲಿ ಮೀಸೆ ಬರುತ್ತೆ. ಈ ನೊಣಗಳಲ್ಲಿ ಮೇಸ್ತ್ರಿ ತಲೆಗೂ ಹೋಗಿ ಬಾಯಿ ಬಿಟ್ಟಿದಾನೆ. ಕೆಲಸದವರಿಗೇನು, ಹೇಳಿದ್ದು ಕಟ್ತಾರೆ."

"ಮೇಸ್ತ್ರಿಗೆ ತಲೆ ಕೆಡೋಕೆ ಕಾರಣ?" ಎಂದ ಗಂಜಿಯಣ್ಣ ಮೆಲ್ಲಗೆ. "ಊಟ ಗೀಟ ಏನಾದ್ರೂ... ಮನುಷ್ಯರಲ್ಲಿ ಆ ಮೇಸ್ತ್ರಿ ಇಲ್ಲ ತಾನೆ?"

"ಇಲ್ಲದೆ ಏನು? ಅದೇ ಮಜಾ ಇರೋದು," ಎಂದರು ಮೇಡಂ, ಕಣ್ಣರಳಿಸಿ. "ಅದೇ ವಂಶದ ಮೇಸ್ತ್ರಿಗಳು ನಮ್ಮಲ್ಲೂ ಇದಾರೆ. ನೊಣದಲ್ಲಿರೋ ಸಾಲಿನಲ್ಲೇ ನಿಂತಿದಾರೆ, ತಲೆಯಿಂದ ಬಾಲದವರೆಗೆ. ನಿಮ್ಮಲ್ಲಿ, ನನ್ನಲ್ಲಿ, ಹೊಟ್ಟೆಯಲ್ಲಿರೋ ಕೂಸಲ್ಲೂ."

ಹೊಟ್ಟೆಯಲ್ಲಿರೋ ಕೂಸು ಎಂದದ್ದೇ ತಡ, ಗಂಜಿಯಣ್ಣ ಕುರ್ಚಿಯಿಂದ ಜಾರಿ ನೆಲಕ್ಕೆ ಕುಳಿತ. ಡಬ್ಬಿ, ಬೆಲ್ಲ, ಮಗಳು, ಮೊಡವೆ, ಎಲ್ಲವನ್ನೂ ಒಂದೇ ಉಸಿರಿಗೆ ಹೊರಹಾಕಿದ. ಮೇಡಂ ಮೊದಲು ಕೇಳಿದ್ದು ಒಂದೇ ಮಾತು. "ಆಸಿಡ್ ಹಾಕೋಕೆ ಮುಂಚೇನೇ ತೆಗೆದಿರಿ ತಾನೆ?"

"ಮಗಳ ಆಣೆ ಮೇಡಂ, ಮುಂಚೆನೇ."

ಅವರು ಪಕ್ಕದ ಸೀಸೆಯ ನೊಣಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟರು. ಎಲ್ಲಕ್ಕೂ ಅಚ್ಚುಕಟ್ಟಾದ ಮೀಸೆ. "ಇವೂ ನಿಮ್ಮ ಅದೇ ಪಾತ್ರೆ, ಅದೇ ಬೆಲ್ಲ ತಿಂದವೇ. ಊಟದಿಂದ ಬಂದಿದ್ರೆ ಇವಕ್ಕೂ ಬರಬೇಕಿತ್ತಲ್ವಾ? ಆ ಕಾಲು ಅಪ್ಪ ಅಮ್ಮನಿಂದ ಬಂದಿದ್ದು ಗಂಜಿಯಣ್ಣಾ, ಗಂಜಿಯಿಂದಲ್ಲ. ಹೋಗಿ ಮಗಳಿಗೆ ಹೊಟ್ಟೆ ತುಂಬಾ ಕೊಡಿ. ಸಂಸ್ಥೆ ಪಾತ್ರೆಯಿಂದ ಬೇಡ, ಮನೇಲೇ ಕಾಯಿಸಿ."

ಹೋದ ಜೀವ ಬಂದಂತಾಯಿತು. ಮನೇಲೇ ಕಾಯಿಸಬಹುದು ಅನ್ನುವುದು ತನಗೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ತಲೆ ಕೆರೆದುಕೊಳ್ಳುತ್ತ ಅವನು ಮನೆಗೆ ಓಡಿದ. ಒಲೆ ಹಚ್ಚಿದ. ಮಗಳು ಎರಡು ಬಟ್ಟಲು ತಿಂದು, ಮೂರನೆಯದಕ್ಕೆ ಕೈ ಚಾಚಿದಳು. ಅವನ ಕಣ್ಣು ತುಂಬಿತು.

ಅಷ್ಟಕ್ಕೇ ಸುಮ್ಮನಾದರೆ ಅವನು ಗಂಜಿಯಣ್ಣನೇ ಅಲ್ಲ. ತಟ್ಟೆ ತೊಳೆಯುವಾಗ ಮೇಡಂ ಹೇಳಿದ ಇನ್ನೊಂದು ಮಾತು ತಲೆಗೆ ಹತ್ತಿತು. ಅಪ್ಪ ಅಮ್ಮನಿಂದ ಬಂದದ್ದು. ತನ್ನ ಮಗಳ ಹಣೆ ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಅಳಿಯ? ಲಿಫ್ಟು ರಿಪೇರಿ ಮಾಡುವ ಅಳಿಯ ಮನೆಯೊಳಗೂ ಟೋಪಿ ತೆಗೆಯುತ್ತಿರಲಿಲ್ಲ.

"ಅಳಿಯಂದ್ರೇ, ಒಂಚೂರು ಟೋಪಿ ತೆಗೀರಿ," ಎಂದ ಅಂದು ಸಂಜೆ.

"ಯಾಕೆ ಮಾವಾ?"

"ಸುಮ್ನೆ. ಸೆಕೆ ಅಲ್ವಾ."

ಅಳಿಯ ಮುಖ ಕೆಂಪಗೆ ಮಾಡಿಕೊಂಡು ಟೋಪಿ ತೆಗೆದ. ಬೋಳು ತಲೆ ದೀಪಕ್ಕೆ ಹೊಳೆಯಿತು. ಮದುವೆಯಾದಾಗಿನಿಂದ ಮಾವನಿಗೆ ತೋರಿಸಬಾರದೆಂದು ಅವನು ಕಾಪಾಡಿಕೊಂಡು ಬಂದಿದ್ದ ಗುಟ್ಟು ಅಷ್ಟೇ. ಗಂಜಿಯಣ್ಣ ಆ ಬೋಳನ್ನು ಬೆರಳಿನಿಂದ ಸವರಿ, ಎರಡೂ ಕಡೆ ಒತ್ತಿ ನೋಡಿ, "ನುಣ್ಣಗಿದೆ. ಚಿನ್ನದಂಥ ತಲೆ," ಎಂದು ತಬ್ಬಿಕೊಂಡ. ಅಳಿಯನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಅವತ್ತಿನಿಂದ ಟೋಪಿ ಬಿಟ್ಟ.

ದಿನ ತುಂಬಿತು. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದ ಗಂಜಿಯಣ್ಣನ ಮುಂದೆ ನರ್ಸಮ್ಮ ಒಂದು ಬಿಳಿ ಗಂಟು ಹಿಡಿದು ಬಂದಳು. "ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದಾರೆ ತಾತಾ." ಅವನು ಮುಖದ ಮೇಲಿನ ಬಟ್ಟೆ ಸರಿಸಿದ.

ಹಣೆಯ ಎರಡೂ ಪಕ್ಕದಲ್ಲಿ ಎರಡು ಕಾಲು. ಕಾಲೇ. ಪಾದ, ಬೆರಳು, ಉಗುರು ಎಲ್ಲ ಇತ್ತು.

"ಮೇಸ್ತ್ರಿ ಬಾಯಿ ಬಿಟ್ಟ," ಎಂದವನೇ ಗಂಜಿಯಣ್ಣ ಬೆಂಚಿನ ಮೇಲೆ ಒರಗಿಬಿಟ್ಟ.

ಕಣ್ಣು ಬಿಟ್ಟಾಗ ಹೆಂಡತಿ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು. ನರ್ಸಮ್ಮ ಗೊಣಗುತ್ತಿದ್ದಳು. "ಮಗು ಹೊಟ್ಟೆಯಲ್ಲಿ ಉಲ್ಟಾ ಕೂತಿತ್ತು, ಕಾಲು ಮೇಲಕ್ಕೆ ಮಡಿಸಿ. ಅದಕ್ಕೇ ಆಪರೇಶನ್ ಮಾಡಿದ್ದು. ಇಷ್ಟು ದಿನ ಹಾಗೇ ಇದ್ದು ಅಭ್ಯಾಸ ಆಗಿದೆ. ಬರ್ತಾ ಬರ್ತಾ ತಾನೇ ಕೆಳಗೆ ಬಿಡುತ್ತೆ. ಮನೆಯವರಿಗೆ ಹೇಳಿದ್ವಲ್ಲ?"

"ನಮಗೆಲ್ಲ ಗೊತ್ತಿತ್ತು," ಎಂದಳು ಹೆಂಡತಿ. "ಇವರಿಗೇ ಹೇಳಿರಲಿಲ್ಲ. ಹೇಳಿದ್ರೆ ಇನ್ನೊಂದು ರಾಮಾಯಣ ಆಗೋದು."

ಗಂಜಿಯಣ್ಣ ಬಟ್ಟೆಯೊಳಗೆ ಕೈಯಾಡಿಸಿ ಕಾಲಿನ ಬುಡ ಹುಡುಕಿದ. ಸೊಂಟದಿಂದಲೇ ಹೊರಟಿತ್ತು. ಇನ್ನೊಂದನ್ನೂ ಹುಡುಕಿದ. ಅದೂ ಸೊಂಟದಿಂದಲೇ. ಒಂದು ಪಾದವನ್ನು ಮೆಲ್ಲಗೆ ಕೆಳಗೆ ಎಳೆದು ಬಿಟ್ಟ. ಅದು ಮತ್ತೆ ಹೋಗಿ ಹಣೆಯ ಪಕ್ಕ ಕೂತಿತು. ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಇರಲಿ ಬಿಡು ಮಗಳೇ, ನಿನಗೆಲ್ಲಿ ಬೇಕೋ ಅಲ್ಲಿಟ್ಕೋ," ಎಂದು ಬಗ್ಗಿದ. ಹಣೆಗೂ ಪಾದಕ್ಕೂ ಸೇರಿ ಒಂದೇ ಮುತ್ತು ಸಾಕಾಯಿತು.