ನೆನೆಸಿಕೊಂಡವರು ಯಾರು?

ನನಗೊಂದು ಕೆಟ್ಟ ಚಾಳಿ, ಎಲ್ಲದಕ್ಕೂ "ಎಂತಕ್ಕೆ?" ಅಂತ ಕೇಳುವುದು. ಕಳೆದ ತಿಂಗಳು ಕುಮಟೆಯಿಂದ ನಮ್ಮೂರ ಶಾಲೆಗೆ ಬಂದ ನರ್ಸ್ ದೀಪಾ, ಗಂಟಲಲ್ಲಿ ತುತ್ತು ಸಿಕ್ಕಿದವರ ನೆತ್ತಿ ತಟ್ಟಿ ಪ್ರಯೋಜನವಿಲ್ಲ ಎಂದಾಗಲೂ ಕೇಳಿದೆ.

"ಹಂಗಾರೆ ನಮ್ಮಜ್ಜಿ ಕಾಲದಿಂದ ತಟ್ಟಿದ್ದು ಎಂತಕ್ಕೆ?"

"ಕೆಮ್ಮೋರು ಕೆಮ್ಮಿ ತಾವೇ ಉಳೀತಾರೆ ದೇವಕ್ಕ. ಹೆಸರು ಮಾತ್ರ ನೆತ್ತಿ ತಟ್ಟಿದೋರಿಗೆ ಬರ್ತದೆ" ಎಂದು ನಕ್ಕಳು. ಕೆಮ್ಮು, ಮಾತು ಎರಡೂ ಬಾರದಿದ್ದರೆ ಮಾತ್ರ ನಾವು ಕೈಹಾಕಬೇಕಂತೆ. ಹೇಗೆಂದು ನನ್ನನ್ನೇ ನಿಲ್ಲಿಸಿ ತೋರಿಸಿದಳು.

ನಾಟಿಯ ದಿನ ಗದ್ದೆಯಂಚಿನಲ್ಲಿ ಅವಲಕ್ಕಿ, ಬೆಲ್ಲ, ಕಾಯಿಚೂರು ತಿನ್ನುತ್ತ ಕೂತಿದ್ದೆವು. ಎದುರಿಗೆ ವಾರಗಿತ್ತಿ ಸರೋಜಾ. ಈರುಳ್ಳಿ ಬೀಜದ ಜಗಳಕ್ಕೆ ಎರಡು ತಿಂಗಳಿಂದ ನಮಗೆ ಮಾತಿಲ್ಲ. ನಾಟಿ ಹಾಡಿನಲ್ಲೂ ನಾನು ಎತ್ತಿದ ಸಾಲಿಗೆ ಅವಳು ದನಿಗೂಡಿಸಲಿಲ್ಲ. ಎಷ್ಟು ಸೊಕ್ಕು! ಯಾರದೋ ಚೇಷ್ಟೆಗೆ ಎಲ್ಲರೂ ನಕ್ಕರು. ಅವಳೂ ನಕ್ಕು, ತಟ್ಟನೆ ಸುಮ್ಮನಾದಳು. ನನ್ನನ್ನು ಕಂಡು ಬಿಗುಮಾನ ಅಂದುಕೊಂಡೆ.

ಅತ್ತೆ ನಾಗಮ್ಮ ಅವಳ ನೆತ್ತಿ ತಟ್ಟಿದರು. "ಯಾರೋ ನೆನೆಸ್ಕಂಡ್ರು ಕಾಣ್ತದೆ. ನೀರು ಕುಡಿಯೇ."

ಕೆಮ್ಮೇ ಇಲ್ಲವಲ್ಲ, ಎಂತಕ್ಕೆ? ಅವಳ ಎರಡೂ ಕೈ ಗಂಟಲ ಮೇಲಿದ್ದವು. ಹಟ ಬಿಟ್ಟು ಕೂಗಿದೆ.

"ಸರೋಜಾ, ಮಾತಾಡೇ!"

ಬಾಯಿ ತೆರೆದಳು. ಸ್ವರವಿಲ್ಲ.

"ನೀರು ಬ್ಯಾಡ ಅತ್ತೆ!" ಅವಳನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿಗೆ, ಎರಡು ಹೆಗಲಿನ ನಡುವೆ, ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆದೆ.

"ಹಳೇ ಸಿಟ್ಟು ತೀರಿಸ್ಕಂತೀಯನೇ?" ಅತ್ತೆ ಚೀರಿದರು.

ಏನೂ ಬರಲಿಲ್ಲ. ಅವಳ ತುಟಿ ನೀಲಿಗಟ್ಟುತ್ತಿತ್ತು. ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಹಿಡಿದು ಒಳಕ್ಕೆ, ಮೇಲಕ್ಕೆ ಜಗ್ಗಿದೆ. ಒಂದು, ಎರಡು, ಮೂರನೆಯದಕ್ಕೆ ಕಾಯಿಚೂರು ಕೆಸರಿಗೆ ಬಿತ್ತು.

ಸರೋಜಾ ಉಸಿರೆಳೆದು ಗೊಳೋ ಎಂದಳು. ನನಗೂ ಅಳು ತಡೆಯಲಿಲ್ಲ. ಹೊಟ್ಟೆ ಜಗ್ಗಿದ ಮೇಲೆ ಡಾಕ್ಟರಿಗೆ ತೋರಿಸಲೇಬೇಕು ಎಂದು ದೀಪಾ ಹೇಳಿದ್ದು ನೆನಪಾಗಿ ರಿಕ್ಷಾ ಕರೆಸಿದೆ.

ದಾರಿಯುದ್ದಕ್ಕೂ ಅತ್ತೆಗೆ ಒಂದೇ ಯೋಚನೆ. "ಅಲ್ಲಾ, ಅಷ್ಟು ಜೋರಾಗಿ ನೆನೆಸ್ಕಂಡೋರು ಯಾರೇ?"

ಸರೋಜಾ ನನ್ನ ಕೈ ಬಿಟ್ಟಿರಲಿಲ್ಲ.

"ಅಕ್ಕನೇ ಆಗಿರ್ಬೇಕು," ಒಡಕು ದನಿಯಲ್ಲಿ ಹೇಳಿದಳು. "ಮಾತಾಡ್ದೆ ಎರಡು ತಿಂಗಳಾತಲ್ಲ."